ನುಡಿ ಫೈಲು, ಸ್ಕ್ಯಾನ್ ಪಿಡಿಎಫ್, ಕ್ಯಾಪ್ಚಾ: ಒಂದು ಸರ್ಕಾರಿ ವೆಬ್‌ಸೈಟ್ ರಿಪೇರಿ ಮಾಡಿದ ನನ್ನ ಅನುಭವ

ದಾವಣಗೆರೆಯ ಒಂದು ಸರ್ಕಾರಿ ಕಚೇರಿಯ ವೆಬ್‌ಸೈಟನ್ನು ಈಗ ಕಣ್ಣು ಕಾಣದವರೂ ಓದಬಹುದು, ಅರ್ಜಿಯನ್ನೂ ಹಾಕಬಹುದು. ಕಚೇರಿಯ ಹೆಸರು ಬೇಡ, ಇನ್ನೂ ಸ್ವಲ್ಪ ಬಿಲ್ ಬರಬೇಕಿದೆ. "ನಾಲ್ಕು ಜನಕ್ಕೋಸ್ಕರ ಇಷ್ಟೆಲ್ಲಾ ಯಾಕ್ರೀ, ಅಕ್ಷರ ದೊಡ್ಡದು ಮಾಡೋ ಬಟನ್ ಹಾಕಿ ಮುಗಿಸ್ರಿ" ಅಂದವರೇ ಜಾಸ್ತಿ. ನಮ್ಮ ಫೀಲ್ಡಿನ ಗೆಳೆಯರೂ ಹಾಗೇ ಅಂದರು. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ಕಾನೂನು ನಿಮಗೆ ಗೊತ್ತೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸರ್ಕಾರಿ ವೆಬ್‌ಸೈಟ್ ಹೇಗಿರಬೇಕೆಂದು ಹೇಳುವ 2023ರ ಮಾರ್ಗಸೂಚಿ ಜಿಐಜಿಡಬ್ಲ್ಯು 3.0, ಎಲ್ಲಾ ಇದ್ದವು. ಆದರೂ ಕಡತ ಕದಲಲಿಲ್ಲ. 2024ರ ನವೆಂಬರಿನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ಸಲಹೆಯಂತಿರುವ ನಿಯಮ ಸಾಲದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆ ಸಿಗುವುದೂ ಜೀವಿಸುವ ಹಕ್ಕಿನ ಭಾಗ ಎಂದಿತು. ಎರಡೂ ತೀರ್ಪಿನ ಪ್ರಿಂಟ್ ತೆಗೆದು ಲಗತ್ತಿಸಿದೆ. ಆಮೇಲೆ ನೋಡಿ ಕಡತ ಓಡಿದ್ದು.

ಮೊದಲ ಜಗಳ ವಿಜೆಟ್‌ದು, ಅಂದರೆ ಸೈಟಿನ ಮೇಲೆ ಅಂಟಿಸುವ ರೆಡಿಮೇಡ್ ಬಟನ್ನಿನದು. ಹಿಂದೆ ಯಾರೋ ವರ್ಷಕ್ಕೆ ಸುಮಾರು 40 ಸಾವಿರಕ್ಕೆ ಅದನ್ನು ಕಟ್ಟಿ ಹೋಗಿದ್ದರು. ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರ. ಒತ್ತಿದರೆ ಬಣ್ಣ ತಿರುಗುತ್ತದೆ, ಅಕ್ಷರ ಉಬ್ಬುತ್ತದೆ. ಒಳಗಿನ ಫಾರಂ ಮಾತ್ರ ಹಾಗೇ. ಅದರ ಬಾಕ್ಸಿಗೆ ಏನು ತುಂಬಬೇಕೆಂದು ಹೇಳುವ ಲೇಬಲ್ಲೇ ಕೋಡಿನಲ್ಲಿ ಇಲ್ಲದಿದ್ದರೆ ವಿಜೆಟ್ ಎಲ್ಲಿಂದ ಹೆಸರು ತರುತ್ತದೆ? ಕಣ್ಣು ಕಾಣದವರ ಹತ್ತಿರ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೊದಲೇ ಇರುತ್ತದೆ ಅಲ್ವಾ? ನಮ್ಮ ವಿಜೆಟ್ಟಿನ ಧ್ವನಿಯೊಂದು ಅದರ ಮೇಲೆ ಕೂಗಿದರೆ ತೊಂದರೆಯೇ ಹೊರತು ಸಹಾಯವಲ್ಲ. ತೆಗೆಸಿದೆ.

ನಿಜವಾದ ಕೆಲಸ ಇದ್ದದ್ದು ಫೈಲುಗಳಲ್ಲಿ. ಹಳೆಯ ಸುತ್ತೋಲೆ, ಅರ್ಜಿ ನಮೂನೆ, ಫಲಾನುಭವಿ ಪಟ್ಟಿ ಸೇರಿ ಎರಡು ಸಾವಿರದ ಹತ್ತಿರ. ಅರ್ಧಕ್ಕರ್ಧ ಹಳೆ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟಿನವು. ಕಣ್ಣಿಗೆ ಚೆನ್ನಾದ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ, ಹಾಗಾಗಿ ಒಂದು ಪದವೂ ತಿಳಿಯುವುದಿಲ್ಲ.

ಇವನ್ನು ಯೂನಿಕೋಡಿಗೆ, ಅಂದರೆ ಎಲ್ಲಾ ಕಂಪ್ಯೂಟರಿಗೂ ಕನ್ನಡ ಎಂದೇ ತಿಳಿಯುವ ಕೋಡಿಗೆ, ತಿರುಗಿಸಲು ಸಿಕ್ಕ ಕನ್ವರ್ಟರ್‌ಗಳಿಗೆ ಹಾಕಿ ನೋಡಿದೆ. ಮುಕ್ಕಾಲು ಪಾಲು ಸರಿ ಬಂತು, ಅರ್ಕಾವತ್ತು ಬಂದಲ್ಲೆಲ್ಲಾ ಎಡವಿತು. ಹಳೆ ನುಡಿ ಅದನ್ನು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ಆಮೇಲೆ ಇಡುತ್ತದೆ. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಇದನ್ನು ಅದಲುಬದಲು ಮಾಡದಿದ್ದರೆ "ಅರ್ಜಿ" ಹೋಗಿ "ಅಜಿರ್", "ವರ್ಷ" ಹೋಗಿ "ವಷರ್", "ಕಾರ್ಯದರ್ಶಿ" ಹೋಗಿ "ಕಾಯರ್ದಶಿರ್". ಸರ್ಕಾರಿ ಕಾಗದದಲ್ಲಿ ಅರ್ಕಾವತ್ತಿಲ್ಲದ ಸಾಲು ಹುಡುಕಿ ನೋಡೋಣ! ನಡುವೆ ಬರುವ ಇಂಗ್ಲಿಷ್ ಪದಗಳದು ಇನ್ನೊಂದು ತಲೆನೋವು. ಅವನ್ನೂ ಕನ್ನಡಕ್ಕೆ ತಿರುಗಿಸಿ ಹಾಳುಮಾಡುತ್ತದೆ. ವರ್ಡ್ ಫೈಲಿನಲ್ಲಿ ಫಾಂಟಿನ ಹೆಸರು ನೋಡಿ, ನುಡಿ ಇದ್ದ ತುಂಡನ್ನು ಮಾತ್ರ ತಿರುಗಿಸಬೇಕು. ಇಷ್ಟು ಹೇಳಿದ್ದೇನೆ, ಸಾಕು. ಒತ್ತಕ್ಷರ, ಅರ್ಕಾವತ್ತು, ದೀರ್ಘ ಮೂರೂ ಒಟ್ಟಿಗೆ ಬಂದಾಗ ಯಾವ ಕ್ರಮದಲ್ಲಿ ಬಿಡಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ನನ್ನ ಹೊಟ್ಟೆಪಾಡು ಅದರಲ್ಲಿದೆ.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿ ಇರುವುದು ಬರೀ ಚಿತ್ರ, ಅವಕ್ಕೆ ಚಿತ್ರದಿಂದ ಅಕ್ಷರ ತೆಗೆಯುವ ಟೆಸರಾಕ್ಟ್ ತಂತ್ರಾಂಶ ಹಚ್ಚಿದೆ. ಅಚ್ಚಾದ ಪುಟ ಪರವಾಗಿಲ್ಲ. ಟೇಬಲ್ ಗೆರೆ, ಅದರ ಮೇಲೆ ಸೀಲು, ಸೀಲಿನ ಮೇಲೆ ಹಸಿರು ಇಂಕಿನ ಸಹಿ ಬಂದರೆ ಕೈಚೆಲ್ಲಿತು. ಕೊನೆಗೆ ಪಿ.ಬಿ. ರೋಡಿನ ಡಿಟಿಪಿ ಅಂಗಡಿಯಲ್ಲಿ ಪುಟಕ್ಕೆ 30 ರೂಪಾಯಿಯಂತೆ ಟೈಪ್ ಮಾಡಿಸಿದೆ. ಎಲ್ಲವನ್ನೂ ಅಲ್ಲ. ಯಾವ ಆದೇಶ ಈಗಲೂ ಚಾಲ್ತಿಯಲ್ಲಿದೆ ಎಂದು ವಿಷಯ ನಿರ್ವಾಹಕರ ಹತ್ತಿರ ಕೂತು ಗುರುತು ಹಾಕಿಸಿಕೊಂಡೆ. ಪಟ್ಟಿ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಉಳಿದವಕ್ಕೆ ಯೂನಿಕೋಡಿನಲ್ಲಿ ಶೀರ್ಷಿಕೆ, ಎರಡು ಸಾಲು ವಿವರ, ಅಷ್ಟೇ.

ಟೆಸ್ಟಿಂಗಿಗೆ ಪೂರ್ತಿ ಕಣ್ಣು ಕಾಣದ ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆದೆ. ಒಂದು ಸಲ ಕೂತರೆ ಸಾವಿರ ರೂಪಾಯಿ. "ಸೈಟ್ ನೋಡೋಕೂ ದುಡ್ಡಾ?" ಅಂತ ಅಕೌಂಟ್ಸ್‌ನವರು ತಕರಾರು ತೆಗೆದರು. ನನ್ನ ಜೇಬಿನಿಂದಲೇ ಕೊಟ್ಟೆ. ಸೈಟನ್ನು ತಾನೇ ಪರೀಕ್ಷಿಸುವ ಅಟೊಮ್ಯಾಟಿಕ್ ಚೆಕರ್ ನೂರಕ್ಕೆ ತೊಂಬತ್ತರ ಮೇಲೆ ಅಂಕ ಕೊಟ್ಟಿದ್ದ ಪುಟವನ್ನು ಅವರು ಹಳೆ ಫೋನಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್‌ನಲ್ಲಿ ತೆರೆದರು. "ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ" ಎಂದು ಅದು ಶುರು ಮಾಡಿತು. "ಎಲ್ಲಿಗೆ ಹೋಗುತ್ತೆ ಅಂತ ಮೊದಲು ಹೇಳ್ರಪ್ಪಾ" ಅಂದು ನಕ್ಕರು. ಲಿಂಕುಗಳೆಲ್ಲಾ ಅವತ್ತೇ ಬದಲಾದವು. ತಾಲ್ಲೂಕು ಪಟ್ಟಿ ಕೇಳುತ್ತಾ ಕೇಳುತ್ತಾ "ಹರಪನಹಳ್ಳಿ ಇನ್ನೂ ನಿಮ್ಮಲ್ಲೇ ಇದೆಯಾ?" ಅಂದರು. ಅದು 2018ರಲ್ಲೇ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. ಕಣ್ಣಿದ್ದವರು ಯಾರೂ ಗಮನಿಸಿರಲಿಲ್ಲ.

ಕಂಪ್ಯೂಟರಿನಲ್ಲಿ ಪರೀಕ್ಷಿಸುವುದಾದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆ ಈಸ್ಪೀಕ್ ಧ್ವನಿ ಇಟ್ಟುಕೊಳ್ಳಿ, ಅದಕ್ಕೆ ಕನ್ನಡ ಬರುತ್ತದೆ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಹೇಳಿರಬೇಕು. ನಮ್ಮ ಸೈಟಿನ ಅಷ್ಟೂ ಪುಟದಲ್ಲಿ ಇಂಗ್ಲಿಷ್ ಎಂದೇ ಇತ್ತು.

ಅರ್ಜಿಯಲ್ಲಿದ್ದ, ಚಿತ್ರದೊಳಗಿನ ಅಕ್ಷರ ನೋಡಿ ಟೈಪ್ ಮಾಡಿಸುವ ಕ್ಯಾಪ್ಚಾ ತೆಗೆಯಲು ಯಾರೂ ಒಪ್ಪಲಿಲ್ಲ. ಕನ್ನಡದಲ್ಲಿ ಅಂಕಿ ಓದುವ ಆಡಿಯೊ ಕ್ಯಾಪ್ಚಾ ಮಾಡೋಣ ಎಂದು ಅಣ್ಣನ ಮಗಳ ಧ್ವನಿ ರೆಕಾರ್ಡ್ ಮಾಡಿದೆ. ಸ್ಕ್ರೀನ್ ರೀಡರ್ ಮತ್ತು ಅವಳು ಒಟ್ಟಿಗೆ ಮಾತಾಡಿ ಎರಡೂ ಕೇಳಿಸಲಿಲ್ಲ. ಕೈಬಿಟ್ಟೆ. ಈಗ ಮೊಬೈಲ್ ಒಟಿಪಿ, ಜೊತೆಗೆ ತಾವಾಗಿಯೇ ಫಾರಂ ತುಂಬುವ ಬಾಟ್ ಪ್ರೋಗ್ರಾಮ್‌ಗಳನ್ನು ಹಿಡಿಯಲು ಒಂದು ಬಚ್ಚಿಟ್ಟ ಬಾಕ್ಸ್. ಆ ಬಾಕ್ಸನ್ನು ಪರದೆಯಾಚೆ ತಳ್ಳಿದರೆ ಸಾಲದು, ಸ್ಕ್ರೀನ್ ರೀಡರಿಗೂ ಕಾಣಬಾರದು. ಇಲ್ಲದಿದ್ದರೆ ಕುರುಡರು ಪಾಪ ಅದನ್ನೂ ತುಂಬುತ್ತಾರೆ, ಬಾಟ್ ಎಂದು ಅರ್ಜಿ ತಿರಸ್ಕಾರವಾಗುತ್ತದೆ. ಸ್ಪ್ಯಾಮ್ ಮೊದಲಿಗಿಂತ ಕಡಿಮೆಯೇ ಆಗಿದೆ.

ಕಿವಿ ಕೇಳದವರಿಗೆ ಸಂಜ್ಞಾ ಭಾಷೆಯ ವಿಡಿಯೊ ಒಂದನ್ನೂ ಮಾಡಿಸಿದೆ. ಅರ್ಜಿ ಹಾಕುವ ಬಗೆ, ಎರಡು ನಿಮಿಷದ್ದು. ಅದರ ಮೂಲೆಯಲ್ಲಿ ಸಾಹೇಬರ ಫೋಟೊ ಬೇಕಂತೆ ಎಂದರು. ಸಂಜ್ಞೆ ಮಾಡುವವರ ಕೈ ಮುಚ್ಚಿಹೋಗುತ್ತದೆ ಎಂದು ಹೇಳಿ ತಪ್ಪಿಸಿದೆ.

ದುಡ್ಡಿನ ಮಾತು. ಬೆಂಗಳೂರಿನ ಒಂದು ಕಂಪನಿ 11 ಲಕ್ಷದ ಆಸುಪಾಸು ಕೇಳಿತ್ತು. ನಾನು ಮೂರು ಲಕ್ಷಕ್ಕಿಂತ ಸ್ವಲ್ಪ ಕಡಿಮೆಗೆ ಮುಗಿಸಿದೆ. ಟೈಪಿಂಗಿಗೇ 60 ಸಾವಿರ ಹೋಯಿತು. ಟಿಡಿಎಸ್, ಠೇವಣಿ ಎಲ್ಲಾ ಕಳೆದು ಕೈಗೆ ಬಂದದ್ದು ಹೇಳಿಕೊಳ್ಳುವಂಥದ್ದಲ್ಲ.

ಅಪ್‌ಲೋಡ್ ಪುಟಕ್ಕೂ ಒಂದು ತಡೆ ಹಾಕಿದ್ದೇನೆ. ಪಠ್ಯವಿಲ್ಲದ ಪಿಡಿಎಫ್ ಅಥವಾ ಹಳೆ ನುಡಿ ಫೈಲ್ ಬಂದರೆ ತೆಗೆದುಕೊಳ್ಳುವುದಿಲ್ಲ. ಮೊದಲ ತಿಂಗಳು "ನಿಮ್ಮ ಸೈಟ್ ಕೆಟ್ಟೋಗಿದೆ ಸಾರ್" ಎಂದು ದಿನಾ ಫೋನು. ಈಗ ಗುಮಾಸ್ತರೇ ಯೂನಿಕೋಡಿನಲ್ಲಿ ಟೈಪ್ ಮಾಡುತ್ತಿದ್ದಾರೆ. ಮೊನ್ನೆ ಚಿತ್ರದುರ್ಗದ ಒಂದು ಕಚೇರಿಯಿಂದಲೂ ಕರೆ ಬಂತು. ಅಲ್ಲಿ ಫೈಲುಗಳು ನುಡಿಯಂಥದೇ ಇನ್ನೊಂದು ತಂತ್ರಾಂಶವಾದ ಶ್ರೀಲಿಪಿಯಲ್ಲಿವೆಯಂತೆ. ಅದರ ಕೋಡ್ ಬೇರೆ, ನನ್ನ ದರವೂ ಬೇರೆ ಎಂದಿದ್ದೇನೆ.