ಆಕಾಶದಲ್ಲಿ ಏನೋ ಕಂಡಿತು ಅಂತ ಯಾರಾದರೂ ಹೇಳಿದರೆ ಪತ್ತೆ ಮಾಡುವುದು ಹೇಗೆ

ಡಿಸೆಂಬರ್ ತಿಂಗಳು, ರಾತ್ರಿ ಒಂಬತ್ತು ದಾಟಿತ್ತು. ಅರಸೀಕೆರೆ ಕಡೆಯಿಂದ ನಮ್ಮ ಸೋದರಮಾವನ ಫೋನು. "ಏನೋ ಬಂದು ನಿಂತೈತೆ ಕಣೋ, ತೋಟದ ಮೇಲೆ. ಕೆಂಪು, ನೀಲಿ, ಹಸಿರು ಬಣ್ಣ ಬಿಡ್ತೈತೆ. ಆಗಾಗ ಅಲ್ಲಾಡ್ತೈತೆ." ಹಿಂದಿನಿಂದ ಅತ್ತೆಯ ದನಿ: ಕೊಬ್ಬರಿ ಕಳ್ಳರು ಡ್ರೋನ್ ಬಿಟ್ಟಿದ್ದಾರಂತೆ.

ಮಾವ ಕಥೆ ಕಟ್ಟುವವರಲ್ಲ. ಇಂಥ ಫೋನು ಬಂದಾಗ ಮೊದಲು ನಂಬಬೇಕಾದ್ದು ಇಷ್ಟೇ, ಅವರಿಗೆ ಏನೋ ಒಂದು ನಿಜವಾಗಿಯೂ ಕಂಡಿದೆ. ಅದು ಏನು ಅನ್ನುವುದು ಆಮೇಲಿನ ಮಾತು. ನೀವು ಇಲ್ಲಿ ನಕ್ಕುಬಿಟ್ಟರೆ ಅವರು "ಏನೋ ಬಿಡು" ಅಂದು ಫೋನಿಡುತ್ತಾರೆ, ಅಲ್ಲಿಗೆ ಮುಗೀತು.

ಪ್ರಶ್ನೆ ಕೇಳುವಾಗ ಹುಷಾರು. "ತಟ್ಟೆ ಥರ ಇತ್ತಾ?" ಅಂತ ನೀವೇ ಕೇಳಿದರೆ ನಾಳೆ ಬೆಳಗ್ಗೆಯ ಹೊತ್ತಿಗೆ ಇಡೀ ಊರಿಗೆ ತಟ್ಟೆ ಕಂಡಿರುತ್ತದೆ. "ಏನಾಯ್ತು, ಮೊದಲಿಂದ ಹೇಳಿ" ಅಂತ ಬಿಟ್ಟುಬಿಡಿ, ಒಪ್ಪಿದರೆ ದನಿ ರೆಕಾರ್ಡ್ ಮಾಡಿಕೊಳ್ಳಿ. ನಾಲ್ಕು ಜನ ನೋಡಿದ್ದರೆ ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಿ, ಟೀ ಅಂಗಡಿ ಕಟ್ಟೆ ಮೇಲೆ ಒಟ್ಟಿಗೆ ಕೂರಿಸಿಕೊಂಡು ಕೇಳಿದರೆ ನಿಮಗೆ ಸಿಗುವುದು ಜೋರು ದನಿಯವರ ಕಥೆ ಮಾತ್ರ.

ನಿಮಗೆ ಬೇಕಾದ್ದು ಮೂರೇ: ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಎಷ್ಟು ಹೊತ್ತು. ಬಣ್ಣ, ಆಕಾರ ಎಲ್ಲ ಆಮೇಲೆ. ಸಮಯಕ್ಕೆ ನೆನಪನ್ನು ನಂಬಬೇಡಿ, ಅವರು ಯಾರಿಗಾದರೂ ಫೋನ್ ಮಾಡಿದ್ದರೆ ಕಾಲ್ ಲಿಸ್ಟ್ ನೋಡಿ. "ಹತ್ತು ನಿಮಿಷ ಇತ್ತು" ಅಂದವರಿಗೆ ನಡೆದದ್ದನ್ನೆಲ್ಲ ಮತ್ತೆ ಮಾಡಿ ತೋರಿಸಲು ಹೇಳಿ: ಎದ್ದದ್ದು, ಮಗಳನ್ನು ಕರೆದದ್ದು, ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಬಂದದ್ದು. ನೀವು ಗಡಿಯಾರ ಹಿಡಿದಿರಿ. ಹತ್ತು ನಿಮಿಷ ಸಾಮಾನ್ಯವಾಗಿ ಎರಡಕ್ಕೋ ಮೂರಕ್ಕೋ ಇಳಿಯುತ್ತದೆ.

ಗಾತ್ರ ಮತ್ತು ಎತ್ತರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. "ಕಾರಿನಷ್ಟು ದೊಡ್ಡದು, ಐನೂರು ಅಡಿ ಮೇಲೆ" ಅನ್ನುವುದಕ್ಕೆ ಅರ್ಥವೇ ಇಲ್ಲ. ಕತ್ತಲಲ್ಲಿ ಒಂದು ಬೆಳಕಿನ ದೂರ ಗೊತ್ತಾಗದಿದ್ದರೆ ಗಾತ್ರವೂ ಗೊತ್ತಾಗುವುದಿಲ್ಲ. ಬದಲಿಗೆ ಕೈ ಬಳಸಿ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು 5 ಡಿಗ್ರಿ, ಕಿರುಬೆರಳು 1 ಡಿಗ್ರಿ. ಹುಣ್ಣಿಮೆ ಚಂದ್ರ ಇರುವುದು ಬರೀ ಅರ್ಧ ಡಿಗ್ರಿ, ಅಂದರೆ ಕಿರುಬೆರಳಿನ ಹಿಂದೆ ಪೂರ್ತಿ ಮರೆಯಾಗುತ್ತದೆ. ಇದನ್ನು ಯಾರೂ ಮೊದಲಿಗೆ ನಂಬುವುದಿಲ್ಲ, ಮಾಡಿ ನೋಡಿ.

ಮಾವನಿಗೂ ಅದನ್ನೇ ಹೇಳಿದೆ. ತೋಟ ಮುಗಿಯುವ ಅಂಚಿನಿಂದ ಮೇಲಕ್ಕೆ ಒಂದೂವರೆ ಮುಷ್ಟಿ, ಪೂರ್ವಕ್ಕಿಂತ ಸ್ವಲ್ಪ ಬಲಕ್ಕೆ. "ಈಗ ಕೊಟ್ಟಿಗೆ ಕಂಬಕ್ಕೆ ತಲೆ ಆನಿಸಿ ನಿಲ್ಲಿ ಮಾವ, ಆ ಬೆಳಕನ್ನು ಒಂದು ತೆಂಗಿನ ಗರಿಯ ತುದಿಗೆ ಸರಿಯಾಗಿ ಹೊಂದಿಸಿಕೊಳ್ಳಿ. ಅಲ್ಲಾಡುತ್ತಾ?" ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಇಲ್ಲ ಕಣೋ, ನಿಂತೈತೆ." ಕತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿ ನೋಡುತ್ತಿದ್ದರೆ ಅದು ತೇಲಾಡಿದ ಹಾಗೆ ಅನ್ನಿಸುವುದು ನಮ್ಮ ಕಣ್ಣಿನ ಆಟ, ಪಕ್ಕದಲ್ಲಿ ಕದಲದ ವಸ್ತು ಒಂದಿದ್ದರೆ ಆ ಆಟ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಅದೇ ಕಂಬದ ಹತ್ತಿರ ನಿಲ್ಲಲು ಹೇಳಿದೆ. ಮೂರು ಬೆರಳಿನಷ್ಟು ಮೇಲೆ ಹೋಗಿತ್ತು. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಇಪ್ಪತ್ತು ನಿಮಿಷಕ್ಕೆ 5. ಲೆಕ್ಕ ಕೂಡಿತು. ಅದು ಲುಬ್ಧಕ, ರಾತ್ರಿ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ. ಕೆಳಮಟ್ಟದಲ್ಲಿರುವಾಗ ಅದರ ಬೆಳಕು ದಟ್ಟ ಗಾಳಿಯನ್ನು ದಾಟಿ ಬರಬೇಕು, ಆಗ ಕೆಂಪು, ನೀಲಿ, ಹಸಿರು ಎಲ್ಲ ಮಿನುಗುತ್ತದೆ.

ಎಲ್ಲವೂ ಫೋನಿನಲ್ಲೇ ಮುಗಿಯುವುದಿಲ್ಲ. ಸಾಧ್ಯವಾದರೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗಿ, ನೋಡಿದವರನ್ನೇ ಅವರು ನಿಂತಿದ್ದ ಕಡೆ ನಿಲ್ಲಿಸಿ ಕೈ ತೋರಿಸಲು ಹೇಳಿ. ಫೋನಿನ ದಿಕ್ಸೂಚಿಯನ್ನು ಬೈಕ್ ಪಕ್ಕ, ಕಬ್ಬಿಣದ ಗೇಟಿನ ಪಕ್ಕ ನೋಡಬೇಡಿ, ತಪ್ಪು ತೋರಿಸುತ್ತದೆ. ಆಮೇಲೆ ಸ್ಟೆಲೇರಿಯಂ ಆ್ಯಪ್‌ನಲ್ಲಿ ಊರು, ತಾರೀಕು, ಸಮಯ ಹಾಕಿದರೆ ಆವತ್ತಿನ ಆಕಾಶವೇ ಕಣ್ಣೆದುರು ಬರುತ್ತದೆ. ಹೆವೆನ್ಸ್ ಅಬವ್‌ನಲ್ಲಿ ಉಪಗ್ರಹಗಳು, ಫ್ಲೈಟ್‌ರಾಡಾರ್24ರಲ್ಲಿ ವಿಮಾನಗಳು. ವಿಮಾನಗಳ ಹಳೇ ದಾಖಲೆ ಪುಕ್ಕಟೆಯಾಗಿ ಕೆಲವೇ ದಿನ ಸಿಗುತ್ತದೆ, ಆದ್ದರಿಂದ ತಡ ಮಾಡಬೇಡಿ. ಸೇನೆಯ ವಿಮಾನ ಅದರಲ್ಲಿ ಕಾಣದೆಯೂ ಇರಬಹುದು, ನೆನಪಿರಲಿ.

ಎಷ್ಟು ಹೊತ್ತು ಇತ್ತು ಅನ್ನುವುದರ ಮೇಲೆ ಜರಡಿ ಹಿಡಿಯಿರಿ. ಒಂದೆರಡು ಸೆಕೆಂಡಲ್ಲಿ ಸರ್ರನೆ ಹೋಗಿದ್ದರೆ ಉಲ್ಕೆ. ಅರ್ಧ ನಿಮಿಷ, ಒಂದು ನಿಮಿಷ ನಿಧಾನವಾಗಿ, ಅಡ್ಡಡ್ಡವಾಗಿ, ಚೂರುಚೂರಾಗಿ ಉರಿಯುತ್ತಾ ಹೋಗಿದ್ದರೆ ರಾಕೆಟ್ಟಿನ ಭಾಗ ವಾಪಸ್ ಬೀಳುತ್ತಿರಬಹುದು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದಲ್ಲಿ ಜನ ಕಂಡದ್ದು ಇದೇ. ಅದು ಚೀನಾದ ರಾಕೆಟ್ಟಿನ ತುಂಡು ಅಂತ ಪರಿಣತರು ಗುರುತಿಸಿದರು, ಚಂದ್ರಪುರ ಜಿಲ್ಲೆಯಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆಯೇ ಬಿದ್ದಿತ್ತು. ಮೂರು ನಾಲ್ಕು ನಿಮಿಷ ಮಿಟುಕದೆ, ಸದ್ದಿಲ್ಲದೆ ಒಂದೇ ಸಮನೆ ಸಾಗಿದ್ದರೆ ಉಪಗ್ರಹ ಅಥವಾ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. "ನಡು ಆಕಾಶದಲ್ಲಿ ಇದ್ದಕ್ಕಿದ್ದಂತೆ ಮಾಯ ಆಯ್ತು" ಅಂತ ಹೇಳಿದರೆ ಅನುಮಾನ ಇನ್ನೂ ಕಡಿಮೆ, ಅದು ಭೂಮಿಯ ನೆರಳಿನೊಳಗೆ ಹೋಯಿತು ಅಷ್ಟೇ. ರೈಲಿನ ಬೋಗಿಗಳ ಹಾಗೆ ಸಾಲುದೀಪ ಕಂಡಿದ್ದರೆ ಇಂಟರ್‌ನೆಟ್ ಕೊಡುವ ಉಪಗ್ರಹಗಳ ಸಾಲು, ಸ್ಟಾರ್‌ಲಿಂಕ್. ಈ ಉಪಗ್ರಹಗಳೆಲ್ಲ ಜಾಸ್ತಿ ಕಾಣುವುದು ಸಂಜೆ ಕತ್ತಲಾದ ಮೇಲೆ ಅಥವಾ ಬೆಳಗಾಗುವ ಮುಂಚೆ.

ಗಂಟೆಗಟ್ಟಲೆ ನಿಂತಿದ್ದರೆ ಗ್ರಹ ಅಥವಾ ನಕ್ಷತ್ರ. ಶುಕ್ರನಂತೂ ಎಲ್ಲರಿಗೂ ಟೋಪಿ ಹಾಕಿದ್ದಾನೆ. ಬೆಳಗಿನ ಜಾವ "ಬೆಳ್ಳಿ ಮೂಡ್ತು" ಅಂತ ಎದ್ದು ಕಸ ಗುಡಿಸುತ್ತಿದ್ದ ನಮ್ಮಜ್ಜಿಗೆ ಮಾತ್ರ ಹಾಕಲಾಗಲಿಲ್ಲ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಇಂಥ ಬೆಳಕುಗಳನ್ನು 329 ಸಲ ದಾಖಲಿಸಿದ್ದರು. ಚೀನಾದ ಡ್ರೋನ್ ಇರಬೇಕು ಅಂತ ಅನುಮಾನ. ಕೊನೆಗೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರನ್ನು ಕೇಳಿದರು. ಅವರು ಹೇಳಿದ್ದು: ಒಂದು ಗುರು, ಇನ್ನೊಂದು ಶುಕ್ರ. ಗಡಿ ಕಾಯುವವರೇ ಹೀಗೆ ಮೋಸ ಹೋಗಿರುವಾಗ ನಮ್ಮ ಮಾವನದೇನು ತಪ್ಪು?

ಇನ್ನು ಊರಿನ ಕಾರಣಗಳು. ಮೋಡದ ಮೇಲೆ ದುಂಡಗಿನ ಬೆಳಕು ಸುತ್ತಿ ಸುತ್ತಿ ಬಂದಿದ್ದರೆ ಹತ್ತಿರ ಎಲ್ಲಿ ಜಾತ್ರೆ, ಎಲ್ಲಿ ಆರತಕ್ಷತೆ ಅಂತ ವಿಚಾರಿಸಿ, ಅಲ್ಲಿ ಆಕಾಶಕ್ಕೆ ಬಿಟ್ಟ ಸರ್ಚ್‌ಲೈಟ್ ಇರಬಹುದು. ನಿಮ್ಮ ಕಡೆಗೇ ಮುಖ ಮಾಡಿ ಇಳಿಯುತ್ತಿರುವ ವಿಮಾನದ ದೀಪ ಕೆಲವು ನಿಮಿಷ ನಿಂತ ಹಾಗೇ ಕಾಣುತ್ತದೆ.

ಫೋಟೋ ಇದೆ ಅಂದರೆ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಇಲ್ಲದಿದ್ದರೆ ತೆಗೆದ ಸಮಯದ ವಿವರ ಅಳಿಸಿಹೋಗುತ್ತದೆ. ಚಿತ್ರದಲ್ಲಿ ಬೀದಿದೀಪ ಇದೆಯಾ ನೋಡಿ. ಚಿತ್ರದ ನಟ್ಟನಡುವಿನಿಂದ ಆ ದೀಪ ಎಷ್ಟು ದೂರವೋ ಅಷ್ಟೇ ದೂರಕ್ಕೆ, ಎದುರು ದಿಕ್ಕಿನಲ್ಲಿ ನಿಮ್ಮ "ವಸ್ತು" ಇದ್ದರೆ ಅದು ಲೆನ್ಸಿನೊಳಗಿನ ಪ್ರತಿಫಲನ. ಜೂಮ್ ಮಾಡಿ ಫೋಕಸ್ ತಪ್ಪಿದ ನಕ್ಷತ್ರವೂ ತಟ್ಟೆಯಾಗಿ ಕಾಣುತ್ತದೆ.

ಏನಾದರೂ ನೆಲಕ್ಕೇ ಬಿದ್ದಿದ್ದರೆ ಮುಟ್ಟಬೇಡಿ, ಪೊಲೀಸರಿಗೆ ಹೇಳಿ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ದೊಡ್ಡ ಬಲೂನು, ಜೊತೆಗೆ ಯಂತ್ರ ಇಳಿದು ಊರೇ ಗಾಬರಿಯಾಗಿತ್ತು. ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನವರು ಸಂಶೋಧನೆಗೆ ಹಾರಿಬಿಟ್ಟದ್ದು ಅದು. ಹಗುರ ಡಬ್ಬಿಯೊಂದು ಹರಿದ ರಬ್ಬರ್ ಬಲೂನಿನ ಜೊತೆ ಗದ್ದೆಯಲ್ಲಿ ಸಿಕ್ಕರೆ ಹವಾಮಾನ ಇಲಾಖೆಯದ್ದಿರಬಹುದು.

ಇಷ್ಟೆಲ್ಲ ಮಾಡಿಯೂ ಉತ್ತರ ಸಿಗದಿದ್ದರೆ "ಗೊತ್ತಾಗಲಿಲ್ಲ" ಅಂತ ಬರೆದು, ಏನೇನು ನೋಡಿದಿರಿ ಅನ್ನುವುದನ್ನೂ ಕೆಳಗೆ ಬರೆದಿಡಿ. 2023ರ ನವೆಂಬರ್‌ನಲ್ಲಿ ಇಂಫಾಲ್ ವಿಮಾನ ನಿಲ್ದಾಣದ ಹತ್ತಿರ ಏನೋ ಕಂಡಿತೆಂದು ವಿಮಾನ ಸಂಚಾರವನ್ನೇ ಕೆಲವು ಗಂಟೆ ನಿಲ್ಲಿಸಿದ್ದರು, ವಾಯುಪಡೆಯ ರಫೇಲ್ ಹೋಗಿ ಹುಡುಕಿದರೂ ಏನೂ ಸಿಗಲಿಲ್ಲ. ಗೊತ್ತಾಗಲಿಲ್ಲ ಅಂದ ಮಾತ್ರಕ್ಕೆ ಬೇರೆ ಲೋಕದವರು ಅಂತ ಅಲ್ಲ, ಸುಳ್ಳು ಅಂತಲೂ ಅಲ್ಲ.

ಮಾವನಿಗೆ ಒಂದು ಪರೀಕ್ಷೆ ಬಾಕಿ ಇಟ್ಟಿದ್ದೆ. ನಕ್ಷತ್ರ ದಿನಕ್ಕೆ ಸುಮಾರು 4 ನಿಮಿಷ ಬೇಗ ಬರುತ್ತದೆ, ನಾಳೆ ಅದೇ ಕಂಬ, ಅದೇ ಗರಿ, ಗಡಿಯಾರ ನೋಡಿಕೊಳ್ಳಿ ಅಂದಿದ್ದೆ. ಮಾರನೇ ರಾತ್ರಿ ಫೋನು ಬಂತು. "ನಾಲ್ಕಲ್ಲ ಕಣೋ, ಐದು ನಿಮಿಷ." ಅವರ ಗಡಿಯಾರಕ್ಕೆ ಅಷ್ಟು ಮಾಫಿ ಕೊಟ್ಟೆ. ಅತ್ತೆ ಮಾತ್ರ ಕೊಬ್ಬರಿ ಅಟ್ಟದ ಬಾಗಿಲಿಗೆ ಈಗಲೂ ಎರಡು ಬೀಗ ಹಾಕುತ್ತಾರೆ.