ನನ್ನ ಸೀರಮ್ ಹಾಲಿನ ಹಾಗಿತ್ತು

ಮಲ್ಲೇಶ್ವರದ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಟೆಕ್ನಿಷಿಯನ್. ದಿನಕ್ಕೆ ಐವತ್ತು ಅರವತ್ತು ಜನರ ರಕ್ತ ತೆಗೆಯುತ್ತೇನೆ. ನನ್ನದನ್ನು ಮಾತ್ರ ಯಾವತ್ತೂ ತೆಗೆಸಿರಲಿಲ್ಲ. ಹೋದ ವರ್ಷ ಹೊಸ ಮಿಷನ್ ಬಂತು. ಟ್ರಯಲ್‌ಗೆ ಯಾರದ್ದಾದರೂ ಸ್ಯಾಂಪಲ್ ಬೇಕಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ನಾನೇ ಕೈ ಚಾಚಿದೆ.

ರಕ್ತವನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್‌ನಿಂದ ಟ್ಯೂಬ್ ಹೊರಗೆ ತೆಗೆದ ಜೂನಿಯರ್ ಹುಡುಗ, "ಸಾರ್, ಇದು ಯಾರದ್ದು?" ಅಂದ. ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ನೀರಿನಂಥ ಭಾಗವೇ ಸೀರಮ್. ಒಳ್ಳೆಯದಾದರೆ ತೆಳು ಹಳದಿಯಾಗಿ, ತಿಳಿಯಾಗಿ ಇರುತ್ತದೆ. ಕಾಮಾಲೆ ಆದವರದ್ದು ಅರಿಶಿನ ಕಲಸಿದ ನೀರಿನಂತೆ. ನನ್ನದಕ್ಕೆ ಹಾಲು ಬೆರೆಸಿದ ಹಾಗಿತ್ತು. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 460. ಲಿವರ್ ಟೆಸ್ಟ್‌ನ ಎಸ್‌ಜಿಪಿಟಿ 88, ನಮ್ಮ ಲ್ಯಾಬ್‌ನಲ್ಲಿ 40ರ ಒಳಗಿರಬೇಕು. ಸ್ಕ್ಯಾನಿಂಗ್ ಮಾಡಿಸಿದರೆ ಗ್ರೇಡ್ 2 ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ತುಂಬಿತ್ತು.

ನಾನು ಒಂದು ತೊಟ್ಟೂ ಕುಡಿಯುವವನಲ್ಲ. ಇಷ್ಟು ವರ್ಷ ಲಿವರ್ ರಿಪೋರ್ಟ್ ಕೆಟ್ಟಿದ್ದರೆ ಮನಸ್ಸಿನಲ್ಲೇ 'ಕುಡುಕ' ಅಂತ ಬರೆದುಕೊಳ್ಳುತ್ತಿದ್ದೆ. ಎಷ್ಟು ಜನರಿಗೆ ಅನ್ಯಾಯ ಮಾಡಿದ್ದೇನೋ!

ಡಾಕ್ಟರು ನನ್ನ ಕಾಫಿ ಲೆಕ್ಕ ಕೇಳಿದರು. ದಿನಕ್ಕೆ ಆರು ಲೋಟ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಅಂದರೆ ಸುಮಾರು 60 ಗ್ರಾಂ. ಸಂಜೆ ಬೇಕರಿಯ ಖಾರಾ ಬನ್, ದಿಲ್‌ಪಸಂದ್ ಬೇರೆ. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರ್‌ನಲ್ಲಿ ಹಾಜರಿ ಹಾಕಬೇಕು. ಬಂದ ಸಕ್ಕರೆಯಲ್ಲಿ ಸುಮಾರು 100 ಗ್ರಾಂನಷ್ಟನ್ನು ಅದು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತದೆ. ಆ ಡಬ್ಬ ತುಂಬಿದ ಮೇಲೂ ಬರುತ್ತಲೇ ಇದ್ದರೆ ಕೊಬ್ಬು ಮಾಡುತ್ತದೆ. ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್. ಅದನ್ನು ನಿಭಾಯಿಸುವ ಕೆಲಸ ಹೆಚ್ಚಾಗಿ ಲಿವರ್‌ದೇ. ನನ್ನ ಟ್ಯೂಬ್‌ನಲ್ಲಿ ತೇಲುತ್ತಿದ್ದದ್ದು ಹೀಗೆ ತಯಾರಾದ ಕೊಬ್ಬು.

ಇಷ್ಟಾದರೂ ನನಗೆ ಒಂದು ದಿನವೂ ನೋವಿರಲಿಲ್ಲ. ಒಂದೂವರೆ ಕಿಲೋ ತೂಗುವ ಅಂಗ, ಒಳಗೆ ನೋವು ತಿಳಿಸುವ ನರಗಳಿಲ್ಲ. ಮೇಲಿನ ಪೊರೆ ಹಿಗ್ಗಿದರೆ ಮಾತ್ರ ಬಲಗಡೆ ಪಕ್ಕೆಯ ಕೆಳಗೆ ಭಾರ ಅನಿಸಬಹುದು. ಇನ್ನೊಂದು ಮಾತು. ಎಸ್‌ಜಿಪಿಟಿ ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವುದಿಲ್ಲ. ಪೆಟ್ಟಾದ ಜೀವಕೋಶಗಳಿಂದ ರಕ್ತಕ್ಕೆ ಸೋರಿದ ಕಿಣ್ವ ಅದು. ಕೆಲಸ ನೋಡಬೇಕಾದರೆ ಆಲ್ಬುಮಿನ್ ಅನ್ನುವ ಪ್ರೋಟೀನ್, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಹೇಳುವ ಪಿಟಿ ನೋಡಬೇಕು. ಆಲ್ಬುಮಿನ್ ತಯಾರಾಗುವುದು ಲಿವರ್‌ನಲ್ಲೇ, ರಕ್ತ ಹೆಪ್ಪುಗಟ್ಟಿಸುವ ಹೆಚ್ಚಿನ ಅಂಶಗಳೂ ಅಲ್ಲೇ. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಮುಂದುವರಿದ ಕೆಲವರಿಗೆ ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಕಾಲು ಊದಿರುತ್ತದೆ. ಅಂಥವರ ಎಸ್‌ಜಿಪಿಟಿ ಕೆಲವೊಮ್ಮೆ ನಾರ್ಮಲ್ಲೇ ಇರುತ್ತದೆ. ಅದನ್ನು ಕಣ್ಣಾರೆ ಕಂಡಿದ್ದರಿಂದಲೇ ನನಗೆ ಭಯವಾಗಿದ್ದು.

ಮಾತ್ರೆ ಬೇಡ, ತೂಕ ಇಳಿಸಿ ಅಂದರು. 82 ಕಿಲೋ ಇದ್ದೆ. ನೂರಕ್ಕೆ ಏಳರಿಂದ ಹತ್ತರಷ್ಟು ಇಳಿದರೆ ಕೊಬ್ಬಿನ ಜೊತೆ ಊತವೂ ಕಡಿಮೆಯಾಗುತ್ತದಂತೆ. ಕಾಫಿ ಬಿಡಲಿಲ್ಲ, ಸಕ್ಕರೆ ಬಿಟ್ಟೆ. ಮೊದಲ ವಾರ ಕಷಾಯ ಕುಡಿದ ಹಾಗಾಯಿತು. ದಾಸರಹಳ್ಳಿಯಿಂದ ಮೆಟ್ರೋದಲ್ಲಿ ಬರುವವನು ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲೇ ಇಳಿದು ಲ್ಯಾಬ್‌ವರೆಗೆ ನಡೆಯಲು ಶುರು ಮಾಡಿದೆ. ರಾತ್ರಿ ಅನ್ನ ಒಂದು ಸೌಟು, ಬಸ್ಸಾರಿನ ಪಲ್ಯ ಜಾಸ್ತಿ. ಮುದ್ದೆಯನ್ನೂ ಒಂದಕ್ಕೆ ನಿಲ್ಲಿಸಿದೆ. ರಾಗಿ ಅಂದ ಮಾತ್ರಕ್ಕೆ ಎರಡು, ಮೂರು ನುಂಗಿದರೆ ಅದೂ ಪಿಷ್ಟವೇ ಅಲ್ವಾ?

ನಡುವೆ ಒಂದು ತಪ್ಪು ಮಾಡಿದೆ. ನಾದಿನಿ ಕೊಟ್ಟ ಅಮೃತಬಳ್ಳಿ ಕಷಾಯವನ್ನು ಎರಡು ವಾರ ಕುಡಿದೆ. ಡಾಕ್ಟರು ಬೈದು ನಿಲ್ಲಿಸಿದರು. ಕೋವಿಡ್ ಕಾಲದಲ್ಲಿ ಇದನ್ನು ಕುಡಿದ ಕೆಲವರ ಲಿವರ್‌ಗೆ ಪೆಟ್ಟಾಗಿದೆ ಅಂತ ಮುಂಬೈ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರದ್ದು. ಮೊದಲೇ ಊದಿದ ಲಿವರ್ ಇಟ್ಟುಕೊಂಡು ನಾನೇಕೆ ಪ್ರಯೋಗ ಮಾಡಲಿ?

ನಾಲ್ಕನೇ ತಿಂಗಳ ಟೆಸ್ಟ್ ನನ್ನನ್ನು ಗಾಬರಿ ಮಾಡಿತು. ಎಸ್‌ಜಿಪಿಟಿ 52ಕ್ಕೆ ಇಳಿದಿತ್ತು, ಅದರ ಜೊತೆ ನೋಡುವ ಇನ್ನೊಂದು ಕಿಣ್ವ ಎಸ್‌ಜಿಒಟಿ ಮಾತ್ರ 96ಕ್ಕೆ ಹಾರಿತ್ತು. ಆಮೇಲೆ ನೆನಪಾಯಿತು. ಹಿಂದಿನ ದಿನ ತಮ್ಮನ ಮನೆ ಬದಲಾಯಿಸಿದ್ದೆವು, ಗಾಡ್ರೇಜ್ ಬೀರು ಎರಡು ಮಹಡಿ ಹೊತ್ತಿದ್ದೆ. ಎಸ್‌ಜಿಒಟಿ ಸ್ನಾಯುಗಳಲ್ಲೂ ಇರುತ್ತದೆ. ಸ್ನಾಯುಗಳಿಗೆ ಪೆಟ್ಟಾದರೆ ಏರುವ ಸಿಕೆ ಅನ್ನುವ ಕಿಣ್ವ ನೋಡಿದರೆ ಅದೂ ಏರಿತ್ತು. ಹತ್ತು ದಿನ ಬಿಟ್ಟು ಮತ್ತೆ ನೋಡಿದಾಗ ಎಸ್‌ಜಿಒಟಿ 38. ಹತ್ತೊಂಬತ್ತು ವರ್ಷ ಬೇರೆಯವರಿಗೆ 'ಟೆಸ್ಟ್‌ಗೆ ಮುಂಚೆ ಜಿಮ್ ಬೇಡ' ಅಂತ ಹೇಳಿದವನು ನಾನೇ.

ಎಂಟು ತಿಂಗಳಿಗೆ 75 ಕಿಲೋಗೆ ಬಂದೆ. ಎಸ್‌ಜಿಪಿಟಿ 34, ಟ್ರೈಗ್ಲಿಸರೈಡ್ 170. ಸ್ಕ್ಯಾನ್‌ನಲ್ಲಿ ಇನ್ನೂ ಗ್ರೇಡ್ 1 ಅಂತಿದೆ, ಆರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ಆವತ್ತು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಹಿಂದಿದ್ದ ಗೋಡೆ ಗಡಿಯಾರದ ಮುಳ್ಳು ಕಾಣಿಸಿತು. ಊಟದ ಹೊತ್ತಾಗಿತ್ತು.