ಬೆಂಡೆಯ ಲೋಳೆ, ಫಿಲ್ಟರ್ ಪೇಪರಿನ ನಾರು

ಪಿಎಚ್‌ಡಿಯ ಎರಡನೇ ವರ್ಷ ನಾನೊಂದು ‘ಹೊಸ ಸಂಗತಿ’ ಕಂಡುಹಿಡಿದಿದ್ದೆ. ಬೆಂಡೆಯ ಲೋಳೆಯಲ್ಲಿ ರಾಶಿ ಗ್ಲೂಕೋಸ್! ಆ ಲೋಳೆಯ ಪಾಲಿಸ್ಯಾಕರೈಡಿನಲ್ಲಿ, ಅಂದರೆ ಸಕ್ಕರೆಗಳ ಉದ್ದ ಸರದಲ್ಲಿ, ಮುಖ್ಯವಾಗಿ ಇರಬೇಕಾದದ್ದು ಗ್ಯಾಲಕ್ಟೋಸ್, ರ‍್ಯಾಮ್ನೋಸ್, ಗ್ಯಾಲಕ್ಟುರಾನಿಕ್ ಆಮ್ಲ. ಗ್ಲೂಕೋಸ್ ಅಷ್ಟೊಂದು ಬರುವ ಹಾಗಿಲ್ಲ. ಎರಡು ವಾರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪ್ರಬಂಧಕ್ಕೆ ಹೆಸರು ಕೂಡ ಯೋಚಿಸಿಟ್ಟಿದ್ದೆ. ಗೈಡ್ ಮೇಷ್ಟ್ರು ನನ್ನ ಅಂಕಿಗಳನ್ನು ನೋಡಿ ಕೇಳಿದ್ದು ಒಂದೇ ಮಾತು: “ಬರೀ ನೀರು ಇಟ್ಕೊಂಡು ಮಾಡಿ ನೋಡಿದ್ಯೇನಮ್ಮಾ?”

ನೋಡಿರಲಿಲ್ಲ. ಮರುದಿನ ಲೋಳೆಯ ಬದಲು ಡಿಸ್ಟಿಲ್ಡ್ ವಾಟರ್ ಇಟ್ಟುಕೊಂಡು ಕೂತೆ. ಅದೇ ಬಟ್ಟೆಯಲ್ಲಿ ಸೋಸಿದ್ದು, ಅದೇ ಫಿಲ್ಟರ್ ಪೇಪರ್, ಸಣ್ಣ ಅಣುಗಳನ್ನು ಸೋಸಿ ತೆಗೆಯುವ ಅದೇ ಡಯಾಲಿಸಿಸ್ ಕೊಳವೆ. ಕೊನೆಗೆ ಫೀನಾಲ್, ಸಲ್ಫ್ಯೂರಿಕ್ ಆಮ್ಲ ಹಾಕಿದರೆ ನೀರೂ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹತ್ತಿಬಟ್ಟೆ, ಪೇಪರ್, ಕೊಳವೆ ಮೂರೂ ಸೆಲ್ಯುಲೋಸ್. ಸೆಲ್ಯುಲೋಸ್ ಅಂದರೆ ಗ್ಲೂಕೋಸಿನದೇ ಸರ. ಗಾಢ ಆಮ್ಲ ಕಣ್ಣಿಗೆ ಕಾಣದ ನಾರನ್ನೂ ಬಿಡದೆ ಒಡೆದು ಬಣ್ಣ ಕೊಟ್ಟಿತ್ತು. ನನ್ನ ಸಂಶೋಧನೆಯ ಫಲವೆಂದರೆ ಸೋಸುವ ಬಟ್ಟೆಯ ನಾರು!

ಫೀನಾಲ್, ಸಲ್ಫ್ಯೂರಿಕ್ ಆಮ್ಲದಿಂದ ಸಕ್ಕರೆ ಅಳೆಯುವ ಈ ಪರೀಕ್ಷೆ 1956ರಿಂದ ಬಳಕೆಯಲ್ಲಿದೆ, ಇವತ್ತಿಗೂ ಎಷ್ಟೋ ಲ್ಯಾಬುಗಳಲ್ಲಿ ನಡೆಯುತ್ತದೆ. ಒಂದು ಮಿಲಿ ದ್ರಾವಣ, ಶೇ. 5ರ ಫೀನಾಲ್ ಒಂದು ಮಿಲಿ, ಗಾಢ ಆಮ್ಲ ಐದು ಮಿಲಿ. ಆಮ್ಲವನ್ನು ಗಾಜಿನ ಗೋಡೆಗೆ ಇಳಿಬಿಡಬಾರದು, ನಡುವಿಗೇ ಧಾರೆಯಾಗಿ ಬೀಳಬೇಕು. ಬೆರೆಯುವಾಗ ಏಳುವ ಬಿಸಿಯಿಂದಲೇ ಸಕ್ಕರೆ ಮುರಿದು ಬಣ್ಣ ಬರುವುದು. ಬಣ್ಣ ಎಷ್ಟು ಗಾಢ ಎಂದು 490 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಓದುತ್ತೇವೆ. ಎಷ್ಟು ಸಕ್ಕರೆ ಎಂದು ಹೇಳುತ್ತದೆ, ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಅದು ನಮ್ಮ ಕೆಲಸ.

ಬೆಂಡೆಯೇ ಯಾಕೆ ಎಂದರೆ ಸಾಗರದ ಕಡೆಯ ನಮ್ಮ ಮನೆಯ ಆಲೆಮನೆಯಿಂದ ಶುರುಮಾಡಬೇಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ದೊಡ್ಡಪ್ಪ ಜಜ್ಜಿ ನೆನೆಸಿಟ್ಟ ಬೆಂಡೆಗಿಡದ ದಂಟಿನ ಲೋಳೆ ಸುರಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬಂದು ಕೂರುತ್ತಿತ್ತು, ಜಾಲರಿ ಸೌಟಿನಲ್ಲಿ ತೆಗೆದು ಎಸೆಯುವುದು. “ಲೋಳೆಗೆ ಕೊಳೆ ಹೆಂಗೆ ಗೊತ್ತಾಗ್ತು?” ಎಂದು ಕೇಳಿದರೆ “ಕೂಸೆ, ಬೆಂಕಿ ಹತ್ರ ಬರಡ” ಎಂಬ ಉತ್ತರ. ಕಾಲೇಜಿನಲ್ಲಿ ಗೊತ್ತಾಯಿತು: ಲೋಳೆ ಉದ್ದುದ್ದ ಸಕ್ಕರೆ ಸರ, ಅದರ ಆಮ್ಲದ ಭಾಗಕ್ಕೆ ಋಣ ವಿದ್ಯುದಂಶ. ಹಾಲಿನಲ್ಲಿ ತೇಲುವ ಸಣ್ಣ ಕಣಗಳನ್ನು ಆ ಸರ ಬಲೆಯಂತೆ ಒಟ್ಟುಗೂಡಿಸಿ ಎತ್ತುತ್ತದೆ.

ಬಿಎಸ್ಸಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜು, ಎಂಎಸ್ಸಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಸಕ್ಕರೆ ನನ್ನನ್ನು ಹಿಡಿದುಕೊಂಡಿದ್ದು ಓಸಜೋನ್ ಪ್ರಾಕ್ಟಿಕಲ್‌ನಲ್ಲಿ. ಸಕ್ಕರೆಗೆ ಫಿನೈಲ್‌ಹೈಡ್ರಜೀನ್ ಹಾಕಿ ಕುದಿಯುವ ನೀರಿನಲ್ಲಿ ಇಟ್ಟರೆ ಹಳದಿ ಹರಳು. ಮೈಕ್ರೋಸ್ಕೋಪಿನಲ್ಲಿ ಗ್ಲೂಕೋಸಿನದು ಪೊರಕೆಕಡ್ಡಿಯ ಕಟ್ಟು, ಮಾಲ್ಟೋಸಿನದು ಸೂರ್ಯಕಾಂತಿ ಹೂವು. ಫ್ರಕ್ಟೋಸ್ ಇಟ್ಟರೆ ಮತ್ತೆ ಅದೇ ಪೊರಕೆಕಡ್ಡಿ! ಎರಡಕ್ಕೂ ವ್ಯತ್ಯಾಸ ಇರುವುದು ಮೊದಲ ಎರಡು ಇಂಗಾಲಗಳಲ್ಲಿ, ಆ ಎರಡೂ ಈ ಕ್ರಿಯೆಯಲ್ಲಿ ಒಂದೇ ರೂಪಕ್ಕೆ ಬಂದುಬಿಡುತ್ತವೆ. ಇಂಥ ಸುಳಿವುಗಳನ್ನೇ ಹಿಡಿದು ಎಮಿಲ್ ಫಿಶರ್ 1891ರಲ್ಲಿ ಗ್ಲೂಕೋಸಿನ ರಚನೆ ಬಿಡಿಸಿದ, 1902ರಲ್ಲಿ ನೊಬೆಲ್ ಬಂತು. ಅದೇ ಫಿನೈಲ್‌ಹೈಡ್ರಜೀನ್ ಅವನ ಆರೋಗ್ಯವನ್ನೂ ಕೆಡಿಸಿತು. ನಾವು ಮಾತ್ರ ಆಗ ಅದನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದೆವು, ಹೇಳುವವರಿರಲಿಲ್ಲ.

ಜೊತೆಯವರೆಲ್ಲ ಪ್ರೋಟೀನು, ಡಿಎನ್‌ಎ ಹಿಡಿದರು. ಬುದ್ಧಿವಂತರು. ಮೂರು ಬೇರೆಬೇರೆ ಅಮೈನೋ ಆಮ್ಲಗಳನ್ನು ಸಾಲಾಗಿ ಪೋಣಿಸಲು ಇರುವುದು ಆರೇ ದಾರಿ. ಮೂರು ಸಕ್ಕರೆಗಳನ್ನು ಪೋಣಿಸಲು ಸಾವಿರಕ್ಕೂ ಹೆಚ್ಚು, ಯಾಕೆಂದರೆ ಸಕ್ಕರೆಗೆ ಮೈತುಂಬ ಕೈ. ಯಾವ ಕೈ ಯಾವುದನ್ನು ಹಿಡಿದಿದೆ ಎಂದು ನೋಡಲು ಖಾಲಿ ಇರುವ ಕೈಗಳಿಗೆಲ್ಲ ಮೀಥೈಲ್ ಗುಂಪು ಅಂಟಿಸಿ, ಆಮೇಲೆ ಸರವನ್ನು ಒಡೆದು, ಮೀಥೈಲ್ ಹತ್ತದೆ ಉಳಿದದ್ದು ಯಾವುದು ಎಂದು ಹುಡುಕಬೇಕು. ಮೈಸೂರಿನಲ್ಲಿ ನನ್ನ ಮೂರು ವರ್ಷ ಇದಕ್ಕೇ ಹೋಯಿತು. ಲೋಳೆಯನ್ನು ನೀರಿನಿಂದ ಬೇರೆಮಾಡಿ ತಳಕ್ಕೆ ಇಳಿಸಲು ಮೂರು ಪಟ್ಟು ಸ್ಪಿರಿಟ್ ಬೇಕು, ಸ್ಪಿರಿಟ್ ಎಂದರೆ ಅಬಕಾರಿಯ ಲೆಕ್ಕ, ರಿಜಿಸ್ಟರಿನಲ್ಲಿ ಸಹಿ. ರಚನೆ ಬಿಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಆ ಪುಸ್ತಕದ ಮುಂದೆ ಕಳೆದಿದ್ದೇನೋ ಎನಿಸುತ್ತದೆ.

ಪಾಠ ಮಾಡಲು ಶಿವಮೊಗ್ಗಕ್ಕೆ ವಾಪಸು ಬಂದ ಮೇಲೆ ಮಳೆಗಾಲ ಹೊಸ ಪಾಠ ಹೇಳಿತು. ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯರಿನಿಂದ ಹೊರಬಂದ ಲೋಳೆ ಬೂರುಗದ ಹತ್ತಿಯಂತೆ ಹಗುರ. ಜುಲೈಯಲ್ಲಿ ಅದನ್ನು ತಕ್ಕಡಿಗೆ ಹಾಕಿದರೆ ಅಂಕಿ ನಿಲ್ಲುವುದೇ ಇಲ್ಲ, ನೋಡನೋಡುತ್ತ ಏರುತ್ತದೆ. ಗಾಳಿಯ ನೀರು ಕುಡಿದು ಹತ್ತಿ ಹೋಗಿ ಅಂಟಾಗುತ್ತದೆ. ಒಂದು ಸಲ ರಾತ್ರಿ ಕರೆಂಟ್ ಹೋಗಿ ಅರ್ಧ ಒಣಗಿದ್ದ ಆರು ಸೀಸೆ ಲೋಳೆ ಕರಗಿ ಬೆಳಗ್ಗೆ ಹುಳಿ ನಾತ ಹೊಡೆಯುತ್ತಿತ್ತು. ಈಗ ತೂಕದ ಕೆಲಸವೆಲ್ಲ ಜನವರಿಯಿಂದ ಮಾರ್ಚ್. ಮಳೆಯಲ್ಲಿ ಪಾಠ, ಬರವಣಿಗೆ, ಖಾಲಿ ಸೀಸೆ ತೊಳೆಯುವುದು.

ನಾಲ್ಕು ವರ್ಷದ ಹಿಂದೆ ದೊಡ್ಡಪ್ಪನ ಮಗ ಅಣ್ಣ ಫೋನ್ ಮಾಡಿದ. ಡಬ್ಬಕ್ಕೆ ತುಂಬಿದ ಜೋನಿಬೆಲ್ಲದ (ಪಾಕದಂತಿರುವ ನೀರುಬೆಲ್ಲ) ತಳದಲ್ಲಿ ಹರಳು ಕೂತಿದೆ, ಕೊಂಡವರು ಸಕ್ಕರೆ ಬೆರೆಸಿದ್ದೀರಿ ಎನ್ನುತ್ತಿದ್ದಾರೆ. ಹರಳು ತರಿಸಿ ಬೆನೆಡಿಕ್ಟ್ ಪರೀಕ್ಷೆ ಮಾಡಿದೆ: ಗ್ಲೂಕೋಸ್, ಫ್ರಕ್ಟೋಸ್ ಇದ್ದರೆ ಅದರ ನೀಲಿ ದ್ರಾವಣ ಕೆಂಪಾಗುತ್ತದೆ, ಸುಕ್ರೋಸ್ ಅಂದರೆ ಅಂಗಡಿಯ ಸಕ್ಕರೆ ಇದ್ದರೆ ಆಗುವುದಿಲ್ಲ. ಇಟ್ಟಿಗೆ ಕೆಂಪು. ಸುಕ್ರೋಸ್ ಅಲ್ಲ ಎಂದು ಹೇಳುವವಳಿದ್ದೆ. ಅಷ್ಟರಲ್ಲಿ ಹಳೆಯ ಬಟ್ಟೆಯ ನಾರು ನೆನಪಾಗಿ ಹರಳನ್ನು ಸ್ಪಿರಿಟಿನಲ್ಲಿ ಮೂರು ಸಲ ತೊಳೆದೆ. ಈಗ ನೀಲಿ ನೀಲಿಯಾಗಿಯೇ ಉಳಿಯಿತು. ಕೆಂಪು ಬಂದದ್ದು ಮೈಗೆ ಅಂಟಿದ್ದ ಪಾಕದಿಂದ. ತೊಳೆದ ಹರಳನ್ನು ಆಮ್ಲದ ಹನಿ ಹಾಕಿ ಕುದಿಸಿ, ಆಮ್ಲವನ್ನು ತಟಸ್ಥಗೊಳಿಸಿ ನೋಡಿದರೆ ಕೆಂಪು. ಸುಕ್ರೋಸೇ, ಆದರೆ ಬೆರೆಸಿದ್ದಲ್ಲ, ಕಬ್ಬಿನ ಹಾಲಿನಲ್ಲೇ ಇದ್ದದ್ದು.

ಕಬ್ಬಿನ ಹಾಲು ಸಹಜವಾಗಿಯೇ ಸ್ವಲ್ಪ ಹುಳಿ. ಕಾಯುವಾಗ ಆ ಹುಳಿ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತದೆ. ಅಚ್ಚುಬೆಲ್ಲಕ್ಕೆ ಈ ಒಡೆಯುವಿಕೆ ಶತ್ರು, ಗಟ್ಟಿಯಾಗಲು ಬಿಡುವುದಿಲ್ಲ. ಅದಕ್ಕೇ ಹುಳಿ ತಗ್ಗಿಸಲು ಸುಣ್ಣದ ತಿಳಿ ಹಾಕುವುದು. ಜೋನಿಗೆ ಅದೇ ಒಡೆಯುವಿಕೆ ಬೇಕು, ಇಲ್ಲದಿದ್ದರೆ ಸುಕ್ರೋಸ್ ಹರಳಾಗಿ ಕೂರುತ್ತದೆ. ಅಚ್ಚುಬೆಲ್ಲವನ್ನು ಸುಮಾರು 118 ಡಿಗ್ರಿಯವರೆಗೆ ಕಾಯಿಸಿದರೆ ಜೋನಿಯನ್ನು 105–106ಕ್ಕೇ ಇಳಿಸುತ್ತಾರೆ. ಆ ವರ್ಷ ಅಣ್ಣ ಎರಡಕ್ಕೂ ಒಂದೇ ಅಳತೆ ಸುಣ್ಣ ಹಾಕಿದ್ದ.

ಮುಂದಿನ ಸೀಸನ್ನಿಗೆ ಸುಣ್ಣ ಕಡಿಮೆ ಮಾಡಿ, ಚೂರು ಸಿಟ್ರಿಕ್ ಆಮ್ಲ ಹಾಕಿ ನೋಡಿದೆವು. ಹರಳು ಕೂರಲಿಲ್ಲ. ಹುಳಿ ಅಳೆಯಲು ಕಾಗದದ ಪಟ್ಟಿ ಒಯ್ದಿದ್ದೆ, ಹಾಲಿನ ಕಂದಿನಲ್ಲಿ ಪಟ್ಟಿಯ ಬಣ್ಣವೇ ಕಾಣಲಿಲ್ಲ. ಆಮೇಲೆ ಸಣ್ಣದೊಂದು ಪಿಎಚ್ ಮೀಟರ್ ಕೊಂಡುಕೊಟ್ಟೆ. ಹಾಲು ತಣಿಸಿ ಅದ್ದು, ತೊಳೆದಿಡು ಎಂದು ಹೇಳಿಯೂ ಬಂದಿದ್ದೆ. ಹೋದ ಸಲ ಹೋದಾಗ ಮೀಟರಿನ ಮೂತಿಗೆ ಬೆಲ್ಲ ಕಟ್ಟಿ ಗಟ್ಟಿಯಾಗಿತ್ತು. ಅಣ್ಣ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, “ಸರಿ ಇದ್ದು, ಇಳಿಸಿ” ಎಂದು ಆಳುಗಳಿಗೆ ಕೂಗಿದ.